ಶಾಖಕ್ಕೋ, ಇಂಜಿನ್ನಿಗೋ: ಗ್ಯಾಸಿಫೈಯರ್ ಕೊಳ್ಳುವ ಮೊದಲು

ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟುಕೊಂಡಿರುವುದು ಒಂದು ಹಳೆಯ ಇಂಜಿನ್ ವಾಲ್ವ್. ತಲೆ ಇನ್ನೂ ಹೊಳೆಯುತ್ತದೆ. ಕಾಂಡದ ಮೇಲೆ ಮಾತ್ರ ಹಲಸಿನ ಮೇಣ ಒಣಗಿ ಗಟ್ಟಿಯಾದಂಥ ಕಂದು ಪದರ, ಉಗುರಿನಿಂದ ಕೆರೆದರೂ ಬಿಡುವುದಿಲ್ಲ. ತಿಪಟೂರು ಕಡೆಯ ಒಂದು ತೆಂಗಿನ ತುರಿ ಘಟಕದಲ್ಲಿ ಸೌದೆಯ ಗ್ಯಾಸಿನಿಂದ ಓಡುತ್ತಿದ್ದ ಜನರೇಟರಿನದು ಅದು. ಸಂಜೆ ಬಿಸಿಯಿದ್ದಾಗ ಚೆನ್ನಾಗಿಯೇ ಓಡಿ ನಿಂತ ಇಂಜಿನ್, ರಾತ್ರಿ ತಣ್ಣಗಾಗಿ ಬೆಳಗ್ಗೆ ಚಾಲೂ ಮಾಡುವಾಗ ವಾಲ್ವ್ ತನ್ನ ಗೂಡಿನಲ್ಲೇ ಅಂಟಿ ಕೂತಿತ್ತು. ತಳ್ಳಿದ ಪುಶ್ ರಾಡ್ ಬಾಗಿಹೋಯಿತು. ಸೌದೆಯ ಹೊಗೆಯಿಂದ ಕೂತ ಆ ಕಂದು ಪದರದ ಹೆಸರು ಟಾರು. ಈ ವಿದ್ಯೆಯ ಅರ್ಧ ತಲೆನೋವು ಅದರದೇ.

ವಿಚಿತ್ರವೆಂದರೆ ಆ ಮಾಲೀಕರಿಗೆ ಮುಖ್ಯವಾಗಿ ಬೇಕಿದ್ದದ್ದು ಡ್ರೈಯರಿಗೆ ಬಿಸಿಗಾಳಿ. ವಿದ್ಯುತ್ತಿನ ಖರ್ಚು ಅದರ ಮುಂದೆ ಸಣ್ಣದು. ಆದರೆ ಮಾರಲು ಬಂದವರು ದೀಪ ಹೊತ್ತಿಸಿ ತೋರಿಸಿದರು, ಇವರು ಮರುಳಾದರು. ಅದಾದ ಮೇಲೆ ನಾನು ಯಾರಿಗೇ ಗ್ಯಾಸಿಫೈಯರ್, ಅಂದರೆ ಸೌದೆಯನ್ನು ಗ್ಯಾಸ್ ಮಾಡುವ ಯಂತ್ರದ ಬಗ್ಗೆ ಹೇಳುವಾಗಲೂ ಮೊದಲು ಕೇಳುವ ಪ್ರಶ್ನೆ ಒಂದೇ: ನಿಮಗೆ ಬೇಕಾದದ್ದು ಶಾಖವೋ, ಚಕ್ರ ತಿರುಗುವುದೋ? ಯಂತ್ರದ ಮಾದರಿ, ಗ್ಯಾಸ್ ತೊಳೆಯುವ ತೊಟ್ಟಿ, ಆಳು-ಕಾಳು, ಎಲ್ಲವೂ ಈ ಉತ್ತರದ ಮೇಲೆ ನಿಂತಿವೆ.

ಒಳಗೆ ಆಗುವುದೇನು?

ಸೌದೆಯನ್ನು ಪೂರ್ತಿ ಉರಿಯಲು ಬಿಡದೆ, ಬೇಕಾದ ಗಾಳಿಯಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಮಾತ್ರ ಕೊಟ್ಟರೆ ಒಂದಿಷ್ಟು ಉರಿದು ಶಾಖ ಹುಟ್ಟುತ್ತದೆ. ಆ ಶಾಖಕ್ಕೆ ಉಳಿದ ಸೌದೆ ಹೊಗೆ ಬಿಟ್ಟು ಇದ್ದಿಲಾಗುತ್ತದೆ. ಹೊಗೆ ಮತ್ತು ಆವಿ ಆ ಕೆಂಡದ ರಾಶಿಯ ಮೂಲಕ ಹಾದಾಗ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಸಿಗುತ್ತವೆ. ಒಂದು ಕಿಲೋ ಒಣ ಸೌದೆಗೆ ಸುಮಾರು ಎರಡೂವರೆ ಘನ ಮೀಟರ್ ಗ್ಯಾಸ್. ಅದರಲ್ಲಿ ಮಾನಾಕ್ಸೈಡ್ ಶೇಕಡಾ 18ರಿಂದ 22, ಹೈಡ್ರೋಜನ್ 15ರಿಂದ 20, ಮೀಥೇನ್ ಒಂದೆರಡು. ಅರ್ಧಕ್ಕರ್ಧ ಮಾತ್ರ ಗಾಳಿಯೊಂದಿಗೆ ಬಂದು ಸುಮ್ಮನೆ ಕೂತ ನೈಟ್ರೋಜನ್.

ಹಾಗಾಗಿ ಈ ಗ್ಯಾಸ್ ತೀರಾ ತೆಳು. ಒಂದು ಘನ ಮೀಟರಿನಲ್ಲಿ ಐದು ಮೆಗಾಜೂಲ್‌ಗಿಂತ ತುಸು ಕಡಿಮೆ ಶಕ್ತಿ. ಮನೆಗೆ ಬರುವ 14.2 ಕಿಲೋ ಸಿಲಿಂಡರಿನಲ್ಲಿರುವಷ್ಟು ಶಾಖವನ್ನು ಈ ಗ್ಯಾಸಿನ ರೂಪದಲ್ಲಿ ಕೂಡಿಡಬೇಕೆಂದರೆ 20 ಅಡಿ ಅಗಲ, 24 ಅಡಿ ಉದ್ದ, 10 ಅಡಿ ಎತ್ತರದ ಕೋಣೆ ಬೇಕು. ‘ಗ್ಯಾಸ್ ಮಾಡಿ ತುಂಬಿಸಿಟ್ಟುಕೊಂಡರೆ ಆಗುವುದಿಲ್ಲವೇ’ ಎಂದು ಕೇಳುವವರಿಗೆ ನಾನು ಈ ಕೋಣೆಯ ಲೆಕ್ಕವನ್ನೇ ಹೇಳುವುದು. ಇದು ಹುಟ್ಟಿದ ಜಾಗದಲ್ಲೇ, ಹುಟ್ಟಿದ ಗಳಿಗೆಯಲ್ಲೇ ಖರ್ಚಾಗಬೇಕಾದ ಗ್ಯಾಸ್.

ಗೋಬರ್ ಗ್ಯಾಸೋ, ಸೌದೆ ಗ್ಯಾಸೋ?

ಈ ಎರಡನ್ನು ಒಂದೇ ಎಂದುಕೊಂಡವರು ಬಹಳ ಮಂದಿ. ಆಯ್ಕೆ ಮಾತ್ರ ಸುಲಭ: ಕೈಯಲ್ಲಿ ಹಿಂಡಿದರೆ ನೀರು ಬರುವಂಥದ್ದೆಲ್ಲ ಗೋಬರ್ ಗ್ಯಾಸಿಗೆ, ಮುರಿದರೆ ಲಟಕ್ಕನೆ ಸದ್ದು ಬರುವಂಥದ್ದು ಗ್ಯಾಸಿಫೈಯರಿಗೆ. ಸಗಣಿ, ಹೋಟೆಲಿನ ಮುಸುರೆ, ಕೊಳೆತ ತರಕಾರಿಯನ್ನು ಸೂಕ್ಷ್ಮಾಣುಗಳು ತಿಂದು ಮೀಥೇನ್ ಮಾಡುತ್ತವೆ. ಸೌದೆಗೆ ಗಟ್ಟಿತನ ಕೊಡುವ ಲಿಗ್ನಿನ್ ಅವುಗಳ ಹಲ್ಲಿಗೆ ಸಿಗುವುದಿಲ್ಲ.

ಗೋಬರ್ ಗ್ಯಾಸಿನಲ್ಲಿ ಶೇಕಡಾ 55-60ರಷ್ಟು ಮೀಥೇನ್ ಇರುವುದರಿಂದ ಘನ ಮೀಟರಿಗೆ 20 ಮೆಗಾಜೂಲ್ ಆಸುಪಾಸು ಶಕ್ತಿ ಸಿಗುತ್ತದೆ. ಸೌದೆ ಗ್ಯಾಸಿನ ನಾಲ್ಕು ಪಟ್ಟು. ಒಂದು ಘನ ಮೀಟರಿಗೆ ಸುಮಾರು 25 ಕಿಲೋ ಸಗಣಿ ಬೇಕು. ಮನೆಯ ಅಡುಗೆಗಾದರೆ ಯೋಚಿಸಲು ಏನೂ ಇಲ್ಲ, ಗೋಬರ್ ಗ್ಯಾಸೇ ಸರಿ. ಸೌದೆ ಗ್ಯಾಸನ್ನು ಕೊಳವೆಯಲ್ಲಿ ಅಡುಗೆಮನೆಗೆ ತರುವ ಯೋಚನೆಯನ್ನು ಯಾರಾದರೂ ನಿಮ್ಮ ಮುಂದಿಟ್ಟರೆ ಅವರಿಗೆ ಕಾಫಿ ಕೊಟ್ಟು ಕಳಿಸಿಬಿಡಿ. ಕಾರಣ ಮುಂದೆ ಹೇಳುತ್ತೇನೆ.

ಗ್ಯಾಸ್ ಬೇಕೇ ಬೇಕೇ?

ಗ್ಯಾಸಿಫೈಯರ್ ಮಾರುವವರು ಈ ಪ್ರಶ್ನೆ ಕೇಳುವುದಿಲ್ಲ. ಮಲೆನಾಡಿನಲ್ಲಿ ಹಸಿ ಅಡಿಕೆ ಬೇಯಿಸುವ ಹಂಡೆಗೆ ಬೇಕಾದದ್ದು ನೀರು ಕುದಿಯುವಷ್ಟು ಶಾಖ. ಕೆಲಸ ವರ್ಷದಲ್ಲಿ ಕೆಲವೇ ತಿಂಗಳು. ಅದಕ್ಕೆ ಜಾಲರಿಯಿರುವ, ಚಿಮಣಿಯಿರುವ, ಬೆಂಕಿ ಹಂಡೆಯ ಮೈ ಸವರಿ ಹೋಗುವಂತೆ ಕಟ್ಟಿದ ಒಲೆ ಸಾಕು. ಮಂಡ್ಯದ ಆಲೆಮನೆಗೂ ಇದೇ ಮಾತು. ಕಬ್ಬು ಹಿಂಡಿದ ಸಿಪ್ಪೆ ಅಲ್ಲೇ ಒಣಗುತ್ತದೆ, ಅಲ್ಲೇ ಉರಿಯುತ್ತದೆ. ನಡುವೆ ಲಕ್ಷಾಂತರ ರೂಪಾಯಿಯ ಯಂತ್ರ ಕೂರಿಸಿ ಗಳಿಸುವುದೇನು?

ಹಾಗಾದರೆ ಗ್ಯಾಸ್ ಎಲ್ಲಿ ಗೆಲ್ಲುತ್ತದೆ? ಉರಿ ಒಂದೇ ಮಟ್ಟದಲ್ಲಿ ಇರಬೇಕಾದ ಕಡೆ, ಬೆಂಕಿಯನ್ನು ವಾಲ್ವ್ ತಿರುಗಿಸಿ ಏರಿಸಿ ಇಳಿಸಬೇಕಾದ ಕಡೆ, ಈಗ ಡೀಸೆಲ್ ಬರ್ನರ್ ಅಥವಾ ವಾಣಿಜ್ಯ ಸಿಲಿಂಡರ್ ಉರಿಯುತ್ತಿರುವ ಕಡೆ. ರೇಷ್ಮೆ ಗೂಡು ಬೇಯಿಸುವ ನೀರು ಒಂದೇ ಹದದಲ್ಲಿ ಇರದಿದ್ದರೆ ನೂಲು ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ. ಹಾಗಾಗಿಯೇ ದೆಹಲಿಯ ಇಂಧನ ಸಂಶೋಧನಾ ಸಂಸ್ಥೆ ಟೆರಿ ರೇಷ್ಮೆ ನೂಲು ತೆಗೆಯುವ ಒಲೆಗಳಿಗೂ ಸಿಕ್ಕಿಮ್ಮಿನ ಏಲಕ್ಕಿ ಒಣಗಿಸುವ ಗೂಡುಗಳಿಗೂ ಗ್ಯಾಸಿಫೈಯರ್ ರೂಪಿಸಿತು. ಬೇಕರಿ, ಲೋಹ ಕಾಯಿಸುವ ಕುಲುಮೆ, ಬಣ್ಣ ಹಾಕುವ ಘಟಕ ಇದೇ ಸಾಲಿನವು.

ಲೆಕ್ಕ ಹೀಗೆ ಹಾಕಿಕೊಳ್ಳಿ. ಒಂದು 19 ಕಿಲೋ ವಾಣಿಜ್ಯ ಸಿಲಿಂಡರಿನಲ್ಲಿ ಎರಡು ಲಕ್ಷ ಕಿಲೋಕ್ಯಾಲೊರಿಗಿಂತ ತುಸು ಹೆಚ್ಚು ಶಾಖವಿದೆ. ಒಣ ಸೌದೆಯಲ್ಲಿ ಕಿಲೋಗೆ 3,800 ಎಂದಿಟ್ಟುಕೊಂಡು, ಅದರ ಮುಕ್ಕಾಲು ಭಾಗ ಗ್ಯಾಸಾಗಿ ಕೈಗೆ ಬರುತ್ತದೆ ಎಂದರೆ ಒಂದು ಸಿಲಿಂಡರಿನ ಬದಲಿಗೆ ಸುಮಾರು 75 ಕಿಲೋ ಸೌದೆ. ನಿಮ್ಮೂರಿನ ಸೌದೆಯ ದರ, ಅದನ್ನು ಕೊಚ್ಚುವ ಕೂಲಿ, ನೋಡಿಕೊಳ್ಳುವ ಆಳಿನ ಸಂಬಳ ಸೇರಿಸಿ ಸಿಲಿಂಡರಿನ ಬೆಲೆಯ ಪಕ್ಕದಲ್ಲಿಡಿ. ದಿನಕ್ಕೆ ಅರ್ಧ ಸಿಲಿಂಡರ್ ಉರಿಸುವವರು ಇಷ್ಟಕ್ಕೇ ಓದು ನಿಲ್ಲಿಸಬಹುದು. ಆ ಸಣ್ಣ ಉಳಿತಾಯ ಆಳಿನ ಸಂಬಳಕ್ಕೇ ಸರಿಹೋಗುತ್ತದೆ. ದಿನಕ್ಕೆ ನಾಲ್ಕೈದು ಉರಿಸುವವರು ಮುಂದೆ ಓದಿ.

ಮೇಲ್ಮುಖ, ಕೆಳಮುಖ, ಮರಳಿನ ಹಾಸು

ಮೇಲ್ಮುಖ ಮಾದರಿಯಲ್ಲಿ ಗಾಳಿ ಕೆಳಗಿನಿಂದ ಹೊಕ್ಕು ಗ್ಯಾಸ್ ಮೇಲಿನಿಂದ ಹೊರಬೀಳುತ್ತದೆ. ಬಿಸಿ ಗ್ಯಾಸ್ ಹಸಿ ಸೌದೆಯ ಮೂಲಕವೇ ಹಾದುಹೋಗುವುದರಿಂದ ಸೌದೆ ತಾನಾಗಿ ಒಣಗುತ್ತದೆ. ಶೇಕಡಾ 40ರಷ್ಟು ತೇವವಿದ್ದರೂ ಇದು ಸಹಿಸಿಕೊಳ್ಳುತ್ತದೆ, ತುಂಡುಗಳು ಎಗ್ಗಿಲ್ಲದ ಗಾತ್ರದವಾದರೂ ನಡೆಯುತ್ತದೆ. ಬೆಲೆ ಕಡಿಮೆ, ರಚನೆ ಸರಳ. ಆದರೆ ಸೌದೆಯ ಹೊಗೆ ಕೆಂಡವನ್ನು ಮುಟ್ಟದೆಯೇ ಹೊರಗೆ ಬರುತ್ತದಲ್ಲ, ಆ ಹೊಗೆಯೊಂದಿಗೆ ಟಾರೂ ಬರುತ್ತದೆ: ಘನ ಮೀಟರಿಗೆ 50 ಗ್ರಾಂ ಎಂಬುದು ಇಲ್ಲಿ ಮಾಮೂಲಿ ಮಾತು.

ಕೆಳಮುಖ ಮಾದರಿಯಲ್ಲಿ ಗ್ಯಾಸ್ ಕೆಳಗೆ ಇಳಿದು, ಸಾವಿರ ಡಿಗ್ರಿಯ ಕೆಂಡದ ರಾಶಿಯನ್ನು ಹಾದೇ ಹೊರಬರಬೇಕು. ಟಾರು ಅಲ್ಲೇ ಒಡೆದು ಹಗುರ ಅನಿಲವಾಗುತ್ತದೆ. ಹೊರಬರುವ ಗ್ಯಾಸಿನಲ್ಲಿ ಒಂದು ಗ್ರಾಂ ಅಥವಾ ಅದಕ್ಕೂ ಕಡಿಮೆ. ಇಂಜಿನ್ನಿಗೆ ಬೇಕಾದದ್ದು ಘನ ಮೀಟರಿಗೆ 100 ಮಿಲಿಗ್ರಾಂಗಿಂತ ಕಡಿಮೆ ಟಾರು. ಅಂದರೆ ಕೆಳಮುಖದ ಗ್ಯಾಸನ್ನೂ ತೊಳೆಯಬೇಕು. ಮೇಲ್ಮುಖದ ಗ್ಯಾಸನ್ನು ಸಣ್ಣ ಘಟಕದಲ್ಲಿ ಇಂಜಿನ್ನಿಗೆ ಹೊಂದುವಷ್ಟು ತೊಳೆಯಲು ಹೊರಟರೆ ಊರ ಕೆರೆ ಸಾಲದು.

ಇದರ ಬೆಲೆ ಏನು? ಕೆಳಮುಖ ಮಾದರಿ ಬಹಳ ನಾಜೂಕಿನದು. ತೇವ ಶೇಕಡಾ 20 ದಾಟಬಾರದು, 15ರ ಒಳಗಿದ್ದರೆ ಒಳ್ಳೆಯದು. ತುಂಡುಗಳೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರವಿರಬೇಕು. ಹಸಿ ಸೌದೆ ಹಾಕಿದರೆ ಗ್ಯಾಸ್ ಸ್ವಲ್ಪ ಕಡಿಮೆಯಾದೀತು, ಅಷ್ಟೇ ತಾನೇ ಎಂದುಕೊಳ್ಳುವವರಿದ್ದಾರೆ. ಹಾಗಲ್ಲ. ನೀರನ್ನು ಆವಿ ಮಾಡಲು ಹೋಗುವ ಶಾಖ ದೊಡ್ಡ ನಷ್ಟವಲ್ಲ, ಕೆಂಡದ ರಾಶಿ ತಣ್ಣಗಾಗುವುದು ನಷ್ಟ. ಕೆಂಡ ತಣ್ಣಗಾದರೆ ಟಾರು ಒಡೆಯುವುದಿಲ್ಲ, ನೇರ ಇಂಜಿನ್ನಿಗೆ ಹೋಗುತ್ತದೆ. ನನ್ನ ಮೇಜಿನ ಮೇಲಿನ ವಾಲ್ವ್ ಜುಲೈ ತಿಂಗಳಿನದು.

ಕೆಳಮುಖದಲ್ಲೇ ಒಂದು ಒಳಭೇದವಿದೆ. ಯುರೋಪಿನಲ್ಲಿ ಎರಡನೇ ಮಹಾಯುದ್ಧದ ಕಾಲಕ್ಕೆ ಲಕ್ಷಾಂತರ ಕಾರು, ಲಾರಿಗಳಿಗೆ ಕಟ್ಟಿದ್ದ ಇಂಬರ್ಟ್ ಮಾದರಿಯಲ್ಲಿ ಮೇಲಿನ ಬಾಯಿ ಮುಚ್ಚಿರುತ್ತದೆ, ಒಳಗೆ ಕಿರಿದಾದ ಕುತ್ತಿಗೆ ಇರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಚ್. ಎಸ್. ಮುಕುಂದ ಮತ್ತು ಸಂಗಡಿಗರು ಬೆಳೆಸಿದ ಮಾದರಿಯಲ್ಲಿ ಮೇಲ್ಬಾಯಿ ತೆರೆದೇ ಇರುತ್ತದೆ. ಗಾಳಿ ಮೇಲಿನಿಂದಲೂ ಪಕ್ಕದ ನಳಿಕೆಗಳಿಂದಲೂ ಹೋಗುವುದರಿಂದ ಬಿಸಿ ವಲಯ ಉದ್ದವಾಗಿ, ಟಾರು ಒಡೆಯಲು ಹೆಚ್ಚು ಹೊತ್ತು ಸಿಗುತ್ತದೆ. ಕುತ್ತಿಗೆಯಿಲ್ಲದ್ದರಿಂದ ಸೌದೆ ಸಿಕ್ಕಿಕೊಳ್ಳುವ ಕಾಟವೂ ಕಡಿಮೆ. ಇಂಜಿನ್ನಿಗೇ ಎಂದು ನಿರ್ಧರಿಸಿದವರಿಗೆ ನಾನು ಹೇಳುವುದು ಇದನ್ನೇ.

ಮರಳಿನ ಹಾಸಿನದು ಬೇರೆಯೇ ಲೋಕ. ಬಿಸಿ ಮರಳನ್ನು ಗಾಳಿಯಿಂದ ಕುದಿಯುವಂತೆ ಮಾಡಿ ಅದರೊಳಗೆ ಹೊಟ್ಟು, ಪುಡಿ ಏನನ್ನೇ ಸುರಿದರೂ ಅರಗಿಸಿಕೊಳ್ಳುತ್ತದೆ. ಮೆಗಾವಾಟ್ ಮಟ್ಟದ ಕಾರ್ಖಾನೆಗಳಿಗೆ ಸರಿ. ಆಸ್ಟ್ರಿಯಾದ ಗ್ಯೂಸಿಂಗ್‌ನಲ್ಲಿ ಗಾಳಿಯ ಬದಲು ಹಬೆ ಬಳಸಿ ನೈಟ್ರೋಜನ್ ಇಲ್ಲದ ದಪ್ಪ ಗ್ಯಾಸ್ ತೆಗೆದು ಹೆಸರು ಮಾಡಿದರು, ಸ್ವೀಡನ್ನಿನ ಯೋಟೆಬೋರಿಯಲ್ಲಿ ಅದರಿಂದ ಮೀಥೇನನ್ನೇ ಮಾಡಿದರು. ಎರಡೂ ತಾಂತ್ರಿಕವಾಗಿ ಗೆದ್ದು, ಹಣದ ಲೆಕ್ಕದಲ್ಲಿ ನಿಂತುಹೋದವು. ನಮ್ಮ ನಿಮ್ಮಂಥವರಿಗೆ ಇಷ್ಟು ತಿಳಿದಿದ್ದರೆ ಸಾಕು.

ಟಾರೂ ಉರುವಲೇ

ಈಗ ಮೊದಲ ಪ್ರಶ್ನೆಗೆ ಮರಳೋಣ. ಶಾಖವೇ ಬೇಕೆಂದರೆ ಟಾರನ್ನು ಯಾಕೆ ತೊಳೆಯಬೇಕು? ಗ್ಯಾಸ್ 300-400 ಡಿಗ್ರಿ ಬಿಸಿಯಿರುವಾಗಲೇ ಬರ್ನರಿಗೆ ಬಿಟ್ಟರೆ ಟಾರು ಆವಿಯಾಗಿಯೇ ಇದ್ದು ಗ್ಯಾಸಿನ ಜೊತೆ ಉರಿದುಹೋಗುತ್ತದೆ, ಶಾಖವನ್ನೂ ಕೊಡುತ್ತದೆ. ತೊಟ್ಟಿ ಬೇಡ, ಫಿಲ್ಟರ್ ಬೇಡ. ಒಂದೇ ಷರತ್ತು: ಗ್ಯಾಸಿಫೈಯರಿನಿಂದ ಬರ್ನರಿನ ತನಕ ಕೊಳವೆ ಗಿಡ್ಡವಾಗಿರಬೇಕು, ಮೈಗೆ ಚೆನ್ನಾಗಿ ಶಾಖ ನಿರೋಧಕ ಸುತ್ತಿರಬೇಕು. ಜಾಗವಿಲ್ಲವೆಂದು ಯಂತ್ರವನ್ನು ಕಟ್ಟಡದ ಆಚೆ ಬದಿಯಲ್ಲಿ ಕೂರಿಸಿ ಅರವತ್ತು ಅಡಿ ಕೊಳವೆ ಎಳೆದವರ ಕಥೆ ಗೊತ್ತು. ಮೂರು ತಿಂಗಳಲ್ಲಿ ಆ ಕೊಳವೆ ವಯಸ್ಸಾದವರ ರಕ್ತನಾಳದ ಹಾಗೆ ಒಳಗಿನಿಂದಲೇ ಕಟ್ಟಿಕೊಂಡಿತ್ತು.

ತಿನ್ನುವ ಪದಾರ್ಥ ಒಣಗಿಸುವವರಿಗೆ ಇನ್ನೊಂದು ಮಾತು. ಉರಿದ ಗಾಳಿಯನ್ನು ನೇರ ಟ್ರೇಗಳ ಮೇಲೆ ಹಾಯಿಸಬೇಡಿ. ನಡುವೆ ಶಾಖ ವಿನಿಮಯ ಕೊಳವೆಗಳಿರಲಿ. ಇಲ್ಲದಿದ್ದರೆ ನಿಮ್ಮ ತೆಂಗಿನ ತುರಿಗೆ ಸುಟ್ಟ ಸೌದೆಯ ವಾಸನೆ ಬರುತ್ತದೆ, ಖರೀದಿದಾರರು ಮೂಗಿನಿಂದಲೇ ತಿರಸ್ಕರಿಸುತ್ತಾರೆ.

ಇಂಜಿನ್ನಿನ ದಾರಿಯಲ್ಲಿ ಗ್ಯಾಸನ್ನು ತಣಿಸಲೇಬೇಕು, ಸೋಸಲೇಬೇಕು. ನೀರಿನಿಂದ ತೊಳೆದರೆ ಸುಲಭ, ಆದರೆ ಆ ನೀರು ಫೀನಾಲ್ ತುಂಬಿ ಆಸ್ಪತ್ರೆಯ ವಾಸನೆ ಹೊಡೆಯುವ ಕಪ್ಪು ದ್ರವವಾಗುತ್ತದೆ. ತೋಟಕ್ಕೆ ಬಿಡುವಂತಿಲ್ಲ, ಚರಂಡಿಗೂ ಬಿಡುವಂತಿಲ್ಲ. ಅದನ್ನು ಶುದ್ಧ ಮಾಡಿ ಮತ್ತೆ ಬಳಸುವ ಏರ್ಪಾಡು ಬೆಲೆಪಟ್ಟಿಯಲ್ಲಿ ಇದೆಯೇ ನೋಡಿ, ಇಲ್ಲದಿದ್ದರೆ ಆ ಖರ್ಚು ನಿಮ್ಮದು. ನೀರಿಲ್ಲದ ಬಟ್ಟೆ ಫಿಲ್ಟರುಗಳೂ ಇವೆ. ಬೆಲೆ ಹೆಚ್ಚು, ಆದರೆ ನೆರೆಯವರ ಬಾವಿಯ ಜಗಳ ತಪ್ಪುತ್ತದೆ.

‘ಶುದ್ಧ ಇಂಧನ’ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸುವುದು ಸುಲಭ. ನನ್ನ ಪರೀಕ್ಷೆ ಎರಡು ರೂಪಾಯಿಯದು. ಇಂಜಿನ್ನಿಗೆ ಹೋಗುವ ಕೊಳವೆಯಲ್ಲಿ ಒಂದು ಸಣ್ಣ ನಲ್ಲಿ ಇಟ್ಟಿರುತ್ತಾರೆ. ಬಯಲಿನಲ್ಲಿ ನಿಂತು, ಅದರ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಕೆಲವು ನಿಮಿಷ ಗ್ಯಾಸ್ ಬಿಡಿ, ಮುಖ ದೂರವಿರಲಿ. ಬಟ್ಟೆಯ ಮೇಲೆ ಒಣ ಬೂದು ಕಲೆ ಬಂದರೆ ಅದು ಧೂಳು, ಫಿಲ್ಟರ್ ಬದಲಿಸಿ. ಚಹಾ ಚೆಲ್ಲಿದಂತೆ ಹಳದಿ-ಕಂದು ಕಲೆ ಬಂದು ಬೆರಳಿಗೆ ಅಂಟಿದರೆ ಅದು ಟಾರು. ಆ ದಿನ ಇಂಜಿನ್ ಓಡಿಸಬೇಡಿ.

ಇಂಜಿನ್ನಿನ ಲೆಕ್ಕ

ಡೀಸೆಲ್ ಇಂಜಿನ್ನಿಗೆ ಗಾಳಿಯ ಜೊತೆ ಗ್ಯಾಸ್ ಬೆರೆಸಿ ಓಡಿಸಿದರೆ ಡೀಸೆಲಿನಲ್ಲಿ ಶೇಕಡಾ 70ರಿಂದ 85ರಷ್ಟು ಉಳಿಸಬಹುದು. ಒಂದು ಲೀಟರ್ ಡೀಸೆಲಿನ ಬದಲಿಗೆ ಮೂರೂವರೆಯಿಂದ ನಾಲ್ಕು ಕಿಲೋ ಸೌದೆ. ಬರೀ ಗ್ಯಾಸಿನಲ್ಲೇ ಓಡುವ ಇಂಜಿನ್ನಾದರೆ ಒಂದು ಯೂನಿಟ್ ವಿದ್ಯುತ್ತಿಗೆ ಹೆಚ್ಚುಕಡಿಮೆ ಒಂದೂಕಾಲು ಕಿಲೋ. 20 ಕಿಲೋವಾಟಿನ ಸೆಟ್ ಎಂಟು ಗಂಟೆ ಓಡಲು 200 ಕಿಲೋ ಒಣಗಿಸಿದ, ಕೊಚ್ಚಿದ ಸೌದೆ ಬೇಕು. ದಿನಾಲೂ. ಇಂಜಿನ್ನಿನ ಶಕ್ತಿಯೂ ಇಳಿಯುತ್ತದೆ, ಗ್ಯಾಸ್ ತೆಳುವಾದ್ದರಿಂದ. ಹಾಗಾಗಿ ಬೇಕಾದದ್ದಕ್ಕಿಂತ ದೊಡ್ಡ ಇಂಜಿನ್ ಕೊಳ್ಳಬೇಕು.

ನಮ್ಮ ತುಮಕೂರು ಜಿಲ್ಲೆಗೆ ಈ ವಿಷಯದಲ್ಲಿ ಒಂದು ಚರಿತ್ರೆಯೇ ಇದೆ. ವಿಜ್ಞಾನಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳ ತಂತ್ರಜ್ಞಾನಕ್ಕೆಂದೇ ಕಟ್ಟಿದ ‘ಅಸ್ತ್ರ’ ಕೇಂದ್ರದವರು 1988ರಲ್ಲಿ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ 3.7 ಕಿಲೋವಾಟಿನ ಪುಟ್ಟ ಸೌದೆ ಗ್ಯಾಸ್ ಘಟಕ ಹಾಕಿದರು, ಆಮೇಲೆ ಅದನ್ನು 20 ಕಿಲೋವಾಟಿಗೆ ಏರಿಸಿದರು. ಒಂದು ದಶಕಕ್ಕೂ ಹೆಚ್ಚು ಕಾಲ ಊರಿಗೆ ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ ಅದರಿಂದ ನಡೆದವು. ಸೌದೆಗೆಂದೇ ಊರ ಪಕ್ಕ ಮರ ಬೆಳೆಸಿದ್ದರು. ಅದೇ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಅದೇ ಜನ ಗೋಬರ್ ಗ್ಯಾಸಿನಿಂದ ವಿದ್ಯುತ್ ಮಾಡಿದರು. ಇವತ್ತಿನ ನಮ್ಮ ಆಯ್ಕೆಯ ಎರಡು ದಾರಿಗಳೂ ಆಗಲೇ ಒಂದೇ ತಾಲ್ಲೂಕಿನಲ್ಲಿದ್ದವು ನೋಡಿ. ಮುಂದೆ ಕಬ್ಬಿಗೆರೆಯಲ್ಲಿ ದೊಡ್ಡ ಘಟಕ ಎದ್ದು ಬೆಸ್ಕಾಂ ತಂತಿಗೆ ವಿದ್ಯುತ್ ಕೊಟ್ಟಿತು.

ಇಷ್ಟೆಲ್ಲ ಹೆಮ್ಮೆಯಿಟ್ಟುಕೊಂಡೂ ಹೇಳುತ್ತೇನೆ: ಹಗಲು ಮಾತ್ರ ಬೇಕಾದ ವಿದ್ಯುತ್ತಿಗೆ ಇವತ್ತು ಗ್ಯಾಸಿಫೈಯರ್ ಕೊಳ್ಳಬೇಡಿ. ಸೋಲಾರ್ ಫಲಕಕ್ಕೆ ಸೌದೆ ಕೊಚ್ಚಬೇಕಿಲ್ಲ, ಬೂದಿ ತೆಗೆಯಬೇಕಿಲ್ಲ. ಬಿಹಾರದ ಹಳ್ಳಿಗಳಲ್ಲಿ ಭತ್ತದ ಹೊಟ್ಟಿನ ಗ್ಯಾಸಿನಿಂದ ಶುರುಮಾಡಿದ ಹಸ್ಕ್ ಪವರ್ ಕಂಪನಿಯೂ ಆಮೇಲೆ ಸೌರಶಕ್ತಿಯ ಕಡೆ ವಾಲಿತು. ರಾತ್ರಿಯಿಡೀ ಓಡುವ ಘಟಕ, ಪುಕ್ಕಟೆ ಉರುವಲು, ಇಂಜಿನ್ನಿನ ಬಿಸಿಯನ್ನೂ ಬಳಸಿಕೊಳ್ಳುವ ಅವಕಾಶ, ಈ ಮೂರೂ ಕೂಡಿದರೆ ಮಾತ್ರ ಯೋಚಿಸಿ.

ನಿಮ್ಮ ಹಿತ್ತಲಲ್ಲಿ ಏನಿದೆ?

ತೆಂಗಿನ ಕರಟ ಈ ಯಂತ್ರಕ್ಕೆ ಹೇಳಿ ಮಾಡಿಸಿದ ಉರುವಲು. ಭಾರವಾದದ್ದು, ಒಣಗಿದ್ದು, ಬೂದಿ ಶೇಕಡಾ ಒಂದರ ಆಸುಪಾಸು. ಆದರೆ ಕೊಳ್ಳುವ ಮುಂಚೆ ಕರಟದ ಇದ್ದಿಲಿನ ದರ ವಿಚಾರಿಸಿ. ನೀರು ಸೋಸುವ ಆಕ್ಟಿವೇಟೆಡ್ ಕಾರ್ಬನ್ ಮಾಡಲು ಅದಕ್ಕೆ ಒಳ್ಳೆಯ ಬೇಡಿಕೆಯಿದೆ. ಕರಟ ಮಾರಿ ಬಳ್ಳಾರಿ ಜಾಲಿಯ ಸೌದೆ ಕೊಂಡರೆ ಲಾಭ ಹೆಚ್ಚಿರಬಹುದು. ಸರ್ವೆ, ನೀಲಗಿರಿ, ಜಾಲಿ ಎಲ್ಲವೂ ಒಳ್ಳೆಯವೇ, ಒಣಗಿಸಿದರೆ. ಮೆಕ್ಕೆಜೋಳದ ದಿಂಡು ಪರವಾಗಿಲ್ಲ.

ಭತ್ತದ ಹೊಟ್ಟಿನಲ್ಲಿ ಐದನೇ ಒಂದು ಭಾಗ ಬೂದಿ, ಆ ಬೂದಿಯ ಬಹುಪಾಲು ಸಿಲಿಕಾ. ಸೌದೆಗೆಂದು ಮಾಡಿದ ಯಂತ್ರಕ್ಕೆ ಸುರಿದರೆ ಜಾಲರಿಯ ಮೇಲೆ ಕಿಟ್ಟ ಕಟ್ಟಿ ಒಂದೇ ದಿನದಲ್ಲಿ ಉಸಿರುಗಟ್ಟುತ್ತದೆ. ಹೊಟ್ಟಿಗೆಂದೇ ಮಾಡಿದ, ಬೂದಿ ಸತತವಾಗಿ ಹೊರಬೀಳುವ ಯಂತ್ರ ಬೇರೆಯಿದೆ. ಅಡಿಕೆ ಸಿಪ್ಪೆ, ಗರಗಸದ ಹೊಟ್ಟು ಹಗುರವಾಗಿ ಅರಳಿಕೊಂಡು ಕೂರುತ್ತವೆ, ತಾವಾಗಿ ಕೆಳಗೆ ಜಾರುವುದಿಲ್ಲ, ನಡುವೆ ಸೇತುವೆ ಕಟ್ಟಿಕೊಳ್ಳುತ್ತವೆ. ಬ್ರಿಕೆಟ್, ಅಂದರೆ ಗಟ್ಟಿ ತುಂಡುಗಳಾಗಿ ಒತ್ತಿಸಿದರೆ ಮಾತ್ರ ಉಪಯೋಗ. ‘ಯಾವ ಕಸವಾದರೂ ನಡೆಯುತ್ತದೆ’ ಎಂದು ಹೇಳುವ ಮಾರಾಟಗಾರರಿಗೆ ನಿಮ್ಮದೇ ಕಸವನ್ನು ಎರಡು ಮೂಟೆ ತುಂಬಿ ಕಳಿಸಿ, ಓಡಿಸಿ ತೋರಿಸಲಿ.

ಇದ್ದಿಲನ್ನೇ ಹಾಕಿದರೆ? ಟಾರಿನ ಗೊಡವೆಯೇ ಇಲ್ಲ. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ನಮ್ಮ ಘಟ್ಟದ ರಸ್ತೆಗಳಲ್ಲಿ ಹಿಂದೆ ಡ್ರಮ್ ಕಟ್ಟಿಕೊಂಡು ಓಡಿದ ಬಸ್ಸುಗಳು ಇದ್ದಿಲಿನವೇ. ಏರು ಬಂದಾಗ ಪ್ರಯಾಣಿಕರು ಇಳಿದು ತಳ್ಳುತ್ತಿದ್ದರೆಂದು ಹಿರಿಯರು ಹೇಳುವುದನ್ನು ಕೇಳಿದವರಿಗೆ ಗ್ಯಾಸ್ ತೆಳು ಎಂಬುದರ ಅರ್ಥ ಬೇರೆ ಬಿಡಿಸಿ ಹೇಳಬೇಕಿಲ್ಲ. ಆದರೆ ಸೌದೆಯನ್ನು ಇದ್ದಿಲು ಮಾಡುವಾಗಲೇ ಅರ್ಧಕ್ಕಿಂತ ಹೆಚ್ಚು ಶಕ್ತಿ ಹೊಗೆಯಾಗಿ ಹೋಗಿರುತ್ತದೆ.

ವಾಸನೆಯಿಲ್ಲದ ಅಪಾಯ

ಕಾಫಿ ಕೊಟ್ಟು ಕಳಿಸಿ ಎಂದಿದ್ದರ ಕಾರಣ ಇದು. ಈ ಗ್ಯಾಸಿನ ಐದನೇ ಒಂದು ಭಾಗ ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ಕೆಲಸದ ಜಾಗದಲ್ಲಿ ಅದಕ್ಕಿರುವ ಮಿತಿ ದಶಲಕ್ಷ ಭಾಗಕ್ಕೆ 50. ಒಂದು ಲೀಟರ್ ಗ್ಯಾಸ್ ಸೋರಿದರೆ ಆ ಮಿತಿಗೆ ಇಳಿಯಲು ನಾಲ್ಕು ಸಾವಿರ ಲೀಟರ್ ಗಾಳಿ ಬೇಕು. ತಲೆನೋವು, ವಾಕರಿಕೆ ಬಂದಾಗ ಆಳುಗಳು ಬಿಸಿಲಿಗೆ ಎಂದುಕೊಳ್ಳುತ್ತಾರೆ.

ಇಲ್ಲೂ ಆಯ್ಕೆಯಿದೆ. ಬ್ಲೋವರ್ ಗಾಳಿಯನ್ನು ಒಳಗೆ ತಳ್ಳುವ ಯಂತ್ರಗಳಲ್ಲಿ ಎಲ್ಲಿ ಬಿರುಕಿದ್ದರೂ ಗ್ಯಾಸ್ ಹೊರಗೆ ಬರುತ್ತದೆ. ಬ್ಲೋವರ್ ಕೊನೆಯಲ್ಲಿದ್ದು ಗ್ಯಾಸನ್ನು ಎಳೆಯುವ ಯಂತ್ರಗಳಲ್ಲಿ ಬಿರುಕಿನಿಂದ ಗಾಳಿಯೇ ಒಳಗೆ ಹೋಗುತ್ತದೆ. ಉಸಿರಿಗೆ ಅಪಾಯ ಕಡಿಮೆ, ಆದರೆ ಒಳಗೆ ಢಬ್ ಎನ್ನುವ ಸಾಧ್ಯತೆ ಇರುತ್ತದೆ, ಆ ಒತ್ತಡ ಹೊರಹೋಗಲೆಂದೇ ನೀರಿನ ಸೀಲ್ ಇಡುವುದು. ನನ್ನ ಒಲವು ಎಳೆಯುವ ಮಾದರಿಯ ಕಡೆಗೆ. ಯಾವುದನ್ನೇ ಕೊಂಡರೂ ಮೂರು ಕಡೆ ಗೋಡೆಯಿಲ್ಲದ ಚಪ್ಪರದಲ್ಲಿ ಕೂರಿಸಿ, ಮಾನಾಕ್ಸೈಡ್ ಅಲಾರಂ ಹಾಕಿಸಿ, ನೋಡಿಕೊಳ್ಳುವ ಆಳನ್ನು ಅಲ್ಲೇ ಮಲಗಲು ಬಿಡಬೇಡಿ.

ಓಡುತ್ತಿರುವ ಘಟಕ ನೋಡಲು ಹೋಗುವಾಗ

ಮಾರಾಟಗಾರರು ಹೇಳಿದ ದಿನ ಹೋಗಬೇಡಿ. ಇನ್ನೊಂದು ದಿನ, ಬೆಳಗ್ಗೆ ಏಳಕ್ಕೆ ಹೋಗಿ. ಇದ್ದಿಲು ತುಂಬಿ ಬ್ಲೋವರ್ ಹಾಕಿ ಪಂಜು ಹಿಡಿದದ್ದರಿಂದ ಗ್ಯಾಸ್ ತಾನಾಗಿ ಹೊತ್ತಿ ನಿಲ್ಲುವವರೆಗೆ ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡಿ. ಮೊದಲು ಬರುವ ದಟ್ಟ ಹಳದಿ ಹೊಗೆ ಬೇಗ ತೆಳುವಾಗಿ, ಬಿಸಿಲಿಗೆ ಕಂಡೂ ಕಾಣದ ಜ್ವಾಲೆಯಾಗಬೇಕು. ಮಾಲೀಕರಿಗಿಂತ ಮೊದಲು ಆಪರೇಟರನ್ನು ಮಾತಾಡಿಸಿ. ಫಿಲ್ಟರ್ ಕೊನೆಯ ಸಲ ಬಿಚ್ಚಿದ್ದು ಯಾವಾಗ, ತೊಟ್ಟಿಯ ನೀರು ಎಲ್ಲಿಗೆ ಹೋಗುತ್ತದೆ, ಮಳೆಗಾಲದಲ್ಲಿ ಸೌದೆ ಎಲ್ಲಿಡುತ್ತೀರಿ, ನೀವು ರಜೆ ಹಾಕಿದರೆ ಯಾರು ನಡೆಸುತ್ತಾರೆ ಎಂದು ಕೇಳಿ. ಡೀಸೆಲ್ ಬಿಲ್ಲುಗಳ ಕಡತ ತೋರಿಸಲು ಹೇಳಿ.

ನಾನು ಹಾಗೆ ಹೇಳದೆ ಹೋದ ಒಂದು ಕಡೆ ಮಾಲೀಕರು ಕಚೇರಿಯಲ್ಲಿ ಕೂರಿಸಿ, ಉದ್ಘಾಟನೆಯ ಫೋಟೋ ತೋರಿಸಿ, ಡೀಸೆಲ್ ಮುಕ್ಕಾಲು ಪಾಲು ಉಳಿಯುತ್ತಿದೆ ಎಂದರು. ಹಿಂದಿನ ಚಪ್ಪರಕ್ಕೆ ಹೋದರೆ ಸೌದೆ ಕೊಚ್ಚುವ ಯಂತ್ರದ ಬಾಯಿಗೆ ಜೇಡ ಬಲೆ ಕಟ್ಟಿತ್ತು.